ದಿನಾ ಬೆಳಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ: ಶಾಲಾ ಆಪ್ತ ಸಮಾಲೋಚಕರ ಕೆಲಸ ಏನು? ನಮ್ಮೂರಲ್ಲಿ ಯಾರನ್ನ ಕೇಳಬೇಕು?

ಕಡೂರು: ಬ್ಯಾಗ್ ಹೆಗಲಿಗೆ ಹಾಕೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಡಾಕ್ಟರ್ ಹತ್ರ ಹೋದರೆ ಏನೂ ತೊಂದರೆ ಇಲ್ಲ ಅಂತಾರೆ. ಭಾನುವಾರ ಮಗು ಆರಾಮಾಗಿ ಆಡಿಕೊಂಡಿರುತ್ತೆ. ‘ನಾಟಕ ಆಡ್ತಾನೆ’ ಅಂತ ಮನೆಯವರು ಗದರಿಸಿ ಕಳಿಸುತ್ತಾರೆ.

ಇದು ಬಹಳಷ್ಟು ಸಲ ನಾಟಕ ಅಲ್ಲ. ಆರೇಳು ವರ್ಷದ ಮಗುವಿಗೆ ‘ನನಗೆ ಭಯ ಆಗ್ತಿದೆ’ ಅಂತ ಬಿಡಿಸಿ ಹೇಳೋಕೆ ಬರಲ್ಲ. ಆ ಭಯ ಹೊಟ್ಟೆನೋವು, ತಲೆನೋವು, ರಾತ್ರಿ ಹಾಸಿಗೆ ಒದ್ದೆ ಮಾಡೋದು, ಪಕ್ಕದ ಮಕ್ಕಳಿಗೆ ಹೊಡೆಯೋದು, ಇಲ್ಲವೇ ಮಾತೇ ಆಡದಿರುವುದಾಗಿ ಹೊರಗೆ ಬರುತ್ತದೆ. ಇದರ ಹಿಂದಿನ ಕಾರಣ ಹುಡುಕುವವರೇ ಶಾಲಾ ಆಪ್ತ ಸಮಾಲೋಚಕರು. ಸ್ಕೂಲ್ ಕೌನ್ಸೆಲರ್ ಅನ್ನೋದು ಇವರನ್ನೇ.

ದಿನದ ಕೆಲಸ ಹೇಗಿರುತ್ತೆ?

ಮಕ್ಕಳನ್ನು ಕೂರಿಸಿಕೊಂಡು ಬುದ್ಧಿ ಹೇಳುವುದೇ ಇವರ ಕೆಲಸ ಅಂದುಕೊಂಡವರು ಹೆಚ್ಚು. ಆದರೆ ಪ್ರಾಥಮಿಕ ಶಾಲೆಯಲ್ಲಿ ಮಾತಿಗಿಂತ ನೋಡುವುದೇ ಜಾಸ್ತಿ. ಬಿಸಿಯೂಟಕ್ಕೆ ಮಗು ಒಂಟಿಯಾಗಿ ಕೂರುತ್ತಾ? ಗಟ್ಟಿಯಾಗಿ ಓದು ಅಂದಾಗ ನಡುಗುತ್ತಾ? ಬೋರ್ಡ್ ಕಾಣುತ್ತಿದೆಯಾ? ಆಮೇಲೆ ಚಿತ್ರ ಬರೆಸುತ್ತಾ, ಆಟ ಆಡಿಸುತ್ತಾ ಮಾತಿಗೆ ಎಳೆಯುತ್ತಾರೆ.

ಕೆಲಸದ ಇನ್ನರ್ಧ ದೊಡ್ಡವರ ಜೊತೆ. ಮಗುವಿನ ಜಾಗ ಬದಲಿಸಲು ಟೀಚರ್‌ಗೆ ಹೇಳಬೇಕು. ಅಪ್ಪ-ಅಮ್ಮ ಕೂಲಿಗೆ ಅಂತ ಬೆಂಗಳೂರಿಗೋ ಕಾಫಿ ತೋಟಕ್ಕೋ ಹೋಗಿದ್ದರೆ ಮನೆಯಲ್ಲಿರುವ ಅಜ್ಜಿ ಜೊತೆ ಮಾತಾಡಬೇಕು. ಎರಡು ವಾರ ಬಿಟ್ಟು ಮತ್ತೆ ನೋಡಬೇಕು. ಇವರು ಮಾತ್ರೆ ಬರೆಯುವುದಿಲ್ಲ. ಅಗತ್ಯ ಬಿದ್ದರೆ ವೈದ್ಯರ ಹತ್ತಿರ ಕಳಿಸುತ್ತಾರೆ.

ಮಗು ಹೇಳಿದ್ದನ್ನು ಊರಿಗೆಲ್ಲ ಹೇಳುವಂತಿಲ್ಲ. ಆದರೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಮುಚ್ಚಿಡುವಂತೆಯೂ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಈ ನಿಯಮ ಕೌನ್ಸೆಲರ್‌ಗೆ ಮಾತ್ರವಲ್ಲ, ವಿಷಯ ಗೊತ್ತಿರುವ ಎಲ್ಲರಿಗೂ ಅನ್ವಯ.

ನಮ್ಮ ಶಾಲೆಗಳಲ್ಲಿ ಯಾರಿದ್ದಾರೆ?

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇದಕ್ಕೆ ಅಂತ ಪ್ರತ್ಯೇಕ ಹುದ್ದೆ ಇಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಹಳ್ಳಿ ಶಾಲೆಗಳಲ್ಲೂ ಈ ಹೊಣೆ ಬೀಳುವುದು ಕ್ಲಾಸ್ ಟೀಚರ್ ಮೇಲೆ. ಒಬ್ಬರೇ ಎರಡು-ಮೂರು ತರಗತಿ ನೋಡಿಕೊಳ್ಳುವ ಕಡೆ ಒಂದು ಮಗುವಿಗೆ ಅರ್ಧ ಗಂಟೆ ಕೊಡುವುದೂ ಕಷ್ಟ.

ಆದರೂ ನೆರವು ಇಲ್ಲವೇ ಇಲ್ಲ ಅಂತಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ತಪಾಸಣೆ ಮಾಡಬೇಕು. ‘ದಡ್ಡ’ ಅನ್ನಿಸಿಕೊಂಡ ಮಗುವಿಗೆ ಕಣ್ಣು ಅಥವಾ ಕಿವಿಯ ತೊಂದರೆ ಇರುವುದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲಿ. ವಿಶೇಷ ಅಗತ್ಯದ ಮಕ್ಕಳಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಸಂಪನ್ಮೂಲ ಶಿಕ್ಷಕರಿರುತ್ತಾರೆ.

ಸುಪ್ರೀಂ ಕೋರ್ಟ್ ಹೇಳಿದ್ದೇನು?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯವಾಗುವ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಹೊರಗಿನ ತಜ್ಞರ ಜೊತೆ ಶಾಲೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು.

ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳಲ್ಲಿ ನೂರು ಮಕ್ಕಳೇ ಇಲ್ಲ. ಹಾಗಾಗಿ ನಮಗೆ ಮುಖ್ಯವಾದದ್ದು ಈ ಎರಡನೇ ಮಾತು. ‘ನಮ್ಮ ಶಾಲೆಗೆ ಯಾವ ಆಸ್ಪತ್ರೆ, ಯಾವ ತಜ್ಞರ ಸಂಪರ್ಕ ಇದೆ? ಫೋನ್ ನಂಬರ್ ಎಲ್ಲಿ ಬರೆದಿದ್ದಾರೆ?’ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಕೇಳಬಹುದು. ದೊಡ್ಡ ಖಾಸಗಿ ಶಾಲೆಗೆ ಫೀಸ್ ಕಟ್ಟುವವರು ‘ಕೌನ್ಸೆಲರ್ ಯಾರು, ವಾರಕ್ಕೆ ಎಷ್ಟು ದಿನ ಬರ್ತಾರೆ?’ ಅಂತ ವಿಚಾರಿಸಬಹುದು.

ಅಂಗಡಿಯವರು ಗಮನಿಸಿ

ಶಾಲೆ ತಪ್ಪಿಸಿದ ಮಗು ಮೊದಲು ಕಣ್ಣಿಗೆ ಬೀಳುವುದು ಬಸ್ ಸ್ಟ್ಯಾಂಡ್, ಸಂತೆ ಹತ್ತಿರದ ಅಂಗಡಿಗಳವರಿಗೆ. ಯೂನಿಫಾರ್ಮ್ ಹಾಕಿದ ಮಗು ಕ್ಲಾಸಿನ ಹೊತ್ತಲ್ಲಿ ಪದೇ ಪದೇ ಕಂಡರೆ ಗದರಿಸಿ ಓಡಿಸಬೇಡಿ, ಶಾಲೆಗೆ ಒಂದು ಫೋನ್ ಮಾಡಿ. 14 ವರ್ಷದೊಳಗಿನ ಮಕ್ಕಳನ್ನು ಅಂಗಡಿ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 21 ವರ್ಷದೊಳಗಿನವರಿಗೆ ತಂಬಾಕು ಮಾರುವುದಕ್ಕೂ ನಿಷೇಧ ಇದೆ.

ಎಲ್ಲಿ ಕೇಳಬೇಕು?

* ಮೊದಲು ಕ್ಲಾಸ್ ಟೀಚರ್, ಆಮೇಲೆ ಮುಖ್ಯ ಶಿಕ್ಷಕರು. ಶಾಲೆಯಲ್ಲಿ ಹೊಡೆಯುವುದು, ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಅಂಥ ದೂರಿದ್ದರೆ ಬಿಇಒ ಕಚೇರಿಗೆ ಬರೆದು ಕೊಡಿ.
* 14416: ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು, ಉಚಿತ, 24 ಗಂಟೆಯೂ ಸಿಗುತ್ತದೆ.
* 1098: ಮಕ್ಕಳ ಸಹಾಯವಾಣಿ. ಮಗುವೇ ಫೋನ್ ಮಾಡಬಹುದು, ಅಕ್ಕಪಕ್ಕದವರೂ ಮಾಡಬಹುದು.
* ತಾಲ್ಲೂಕು ಆಸ್ಪತ್ರೆ: ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ವಾರ ಬರ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.