ದನದ ಮಂಡಿ ಎಲ್ಲಿದೆ?

ಕೊಟ್ಟಿಗೆಯಲ್ಲಿ ನಿಂತ ಮಲೆನಾಡು ಗಿಡ್ಡದ ಹಿಂಗಾಲನ್ನು ಪಕ್ಕದಿಂದ ನೋಡಿ. ಕಾಲಿನ ನಡುವೆ ಹಿಂದಕ್ಕೆ ಚೂಪಾಗಿ ಚಾಚಿದ ಗಂಟೊಂದು ಕಾಣುತ್ತದೆ. ದನದ ಮಂಡಿ ತಿರುಗುಮುರುಗಾಗಿದೆ ಎಂದು ಮಕ್ಕಳಷ್ಟೇ ಅಲ್ಲ, ದನ ಸಾಕಿದ ದೊಡ್ಡವರೂ ನಂಬಿರುತ್ತಾರೆ. ಅದು ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಅಂಚಿನಲ್ಲಿದೆ. ಅದರ ಚಿಪ್ಪು ನಮ್ಮದರಂತೆ ಮುಂದಕ್ಕೇ ಇದೆ. ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ಅದರ ಮಣಿಕಟ್ಟು.

ಹಿಮ್ಮಡಿ ಎತ್ತಿ ಬೆರಳ ತುದಿಯಲ್ಲಿ ನಿಂತು ನೋಡಿ, ದನದ ಕಾಲು ಹೇಗಿದೆಯೆಂದು ನಿಮ್ಮ ಮೈಗೇ ತಿಳಿಯುತ್ತದೆ. ನಮ್ಮ ಅಂಗೈಯಲ್ಲಿ ಐದು ಉದ್ದ ಮೂಳೆಗಳಿವೆ. ದನದಲ್ಲಿ ಮೂರನೆಯದೂ ನಾಲ್ಕನೆಯದೂ ಬೆಸೆದು ಒಂದೇ ಕಂಬವಾಗಿವೆ. ಗೊರಸು ಎಂದರೆ ಆ ಎರಡು ಬೆರಳುಗಳ ಉಗುರು. ಹಿಂದೆ ನೆಲಕ್ಕೆ ತಾಗದೆ ನೇತಾಡುವ ಎರಡು ಪುಟ್ಟ ಗೊರಸುಗಳು ಎರಡನೆಯ ಮತ್ತು ಐದನೆಯ ಬೆರಳಿನ ಉಳಿಕೆ. ಹೆಬ್ಬೆರಳು ಇಲ್ಲವೇ ಇಲ್ಲ. ಕುದುರೆ ನಿಲ್ಲುವುದು ನಡುಬೆರಳೊಂದರ ಮೇಲೆ.

ಸಂಸೆ ಕಡೆಯಿಂದ ಕುದುರೆಮುಖ ಶಿಖರವನ್ನು ನೋಡಿದವರಿಗೆ ಆ ಹೆಸರು ಏಕೆಂದು ಹೇಳಬೇಕಿಲ್ಲ. ಕುದುರೆಯ ಮುಖ ಅಷ್ಟು ಉದ್ದವಾಗಿರುವುದು ಹುಲ್ಲು ಅರೆಯುವ ದವಡೆಹಲ್ಲುಗಳ ಸಾಲಿಗೆ ಜಾಗ ಬೇಕೆಂದು. ನಮ್ಮ ತಲೆಬುರುಡೆಯಲ್ಲಿ ಮುಖ ಚಿಕ್ಕದು, ಮಿದುಳಿನ ಗೂಡು ದೊಡ್ಡದು. ಮಿದುಳಬಳ್ಳಿ ಹೊರಬರುವ ರಂಧ್ರ ನಮಗೆ ಬುರುಡೆಯ ಅಡಿಯಲ್ಲಿದ್ದರೆ ದನಕ್ಕೆ ಹಿಂಬದಿಯಲ್ಲಿದೆ. ನಮ್ಮ ತಲೆ ಕುತ್ತಿಗೆಯ ಮೇಲೆ ಕೂತಿದೆ, ದನದ ತಲೆ ಮುಂದಕ್ಕೆ ನೇತುಬಿದ್ದಿದೆ.

ಆ ಭಾರವನ್ನು ಹಿಡಿಯುವುದು ಹೇಗೆಂದು ಕಾಟಿಯನ್ನು ನೋಡಿದರೆ ಗೊತ್ತಾಗುತ್ತದೆ. ಮೂಡಿಗೆರೆ, ಕಳಸದ ತೋಟಗಳಿಗೆ ಇಳಿಯುವ ಕಾಟಿಯ ಬೆನ್ನ ಮೇಲಿನ ದಿಣ್ಣೆ ಕೊಬ್ಬಲ್ಲ. ಬೆನ್ನುಮೂಳೆಗಳಿಂದ ಮೇಲಕ್ಕೆ ಚಾಚಿದ ಉದ್ದನೆಯ ಮುಳ್ಳುಗಳು ಅಲ್ಲಿವೆ. ತಲೆಯನ್ನು ಎತ್ತಿ ಹಿಡಿಯುವ ಸ್ನಾಯುಗಳಿಗೂ ನಾರಿಗೂ ಅವೇ ಆಸರೆ. ನಿಮ್ಮ ಕುತ್ತಿಗೆಯ ಬುಡ ಸವರಿಕೊಳ್ಳಿ, ಕೈಗೆ ತಾಗುವ ಗುಬುಟು ಅಂಥದೇ ಮುಳ್ಳು. ಕುತ್ತಿಗೆಯ ಮೂಳೆಗಳೂ ಕಾಟಿಗೆ ಏಳೇ, ಇಲಿಗೂ ಜಿರಾಫೆಗೂ ನಮಗೂ ಏಳೇ.

ನನಗೆ ಅತ್ಯಂತ ಪ್ರಿಯವಾದ ಮೂಳೆ ಕೊರಳ ಬುಡದಿಂದ ಹೆಗಲಿಗೆ ಅಡ್ಡ ಹಾದ ಕಾಲರ್ ಬೋನ್. ದನಕ್ಕೆ ಅದಿಲ್ಲ. ಅದರ ಹೆಗಲ ಹಲಗೆ ಬರೀ ಸ್ನಾಯುಗಳಿಂದ ಎದೆಗೂಡಿಗೆ ಅಂಟಿಕೊಂಡಿದೆ, ಕಾಲು ಹಿಂದೆ ಮುಂದೆ ಬೀಸಲು ಅಷ್ಟು ಸಾಕು. ಮುಸುವನಿಗೆ, ಕೆಂದಳಿಲಿಗೆ, ನಮಗೆ ಅದು ಬೇಕು. ಏಣಿ ಮೇಲೆ ನಿಂತು, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಪಕ್ಕಕ್ಕೆ ಕೈಚಾಚುವವರ ತೋಳನ್ನು ಎದೆಯಿಂದ ದೂರ ಇಟ್ಟು ಬಿಡುಬೀಸಾಗಿ ತಿರುಗಿಸುವುದು ಈ ಸಣ್ಣ ಊರುಗೋಲೇ. ಕೈಯೂರಿ ಬಿದ್ದಾಗ ಅದು ಮುರಿಯುವುದೂ ಉಂಟು.

ಎರಡು ಕಾಲಲ್ಲಿ ನಿಂತದ್ದಕ್ಕೆ ಬೆಲೆ ತೆರುವುದು ಸೊಂಟ. ದನದ ಬೆನ್ನುಮೂಳೆ ನಾಲ್ಕು ಕಂಬಗಳ ನಡುವಿನ ತೊಲೆ. ನಮ್ಮದು ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳು. ಮೇಲಿನ ಭಾರವೆಲ್ಲ ಕೆಳಗಿನ ಐದು ಸೊಂಟದ ಮೂಳೆಗಳ ಮೇಲೆ. ಕೊಯ್ಲಿನ ದಿನಗಳಲ್ಲಿ 50 ಕೆ.ಜಿ. ಚೀಲವನ್ನು ಬಗ್ಗಿ, ಮೈಯಿಂದ ದೂರ ಹಿಡಿದು ಎತ್ತಿದರೆ ಅಲ್ಲಿಯ ಒತ್ತಡ ಹಲವು ಪಟ್ಟು ಏರುತ್ತದೆ. ಮಂಡಿ ಮಡಚಿ, ಚೀಲವನ್ನು ಹೊಟ್ಟೆಗೆ ಒತ್ತಿ ಏಳಬೇಕು. ಇಬ್ಬರು ಎತ್ತಿದರೆ ಇನ್ನೂ ಒಳ್ಳೆಯದು.

ತೋಟದಲ್ಲಿ ಗುಂಡಿ ತೆಗೆಯುವಾಗ ಮೂಳೆ ಸಿಕ್ಕಿ ಗಾಬರಿಯಾಗುವುದುಂಟು. ತುದಿಯಲ್ಲಿ ಎರಡು ಉರುಟು ಗುಬುಟಿನ ನಡುವೆ ಸೀಳಿರುವ ಗಟ್ಟಿ ಉದ್ದ ಮೂಳೆಯಾದರೆ ಅದು ದನ, ಕಡವೆಯಂಥ ಗೊರಸಿನ ಪ್ರಾಣಿಯದು. ಮೋಸ ಮಾಡುವುದು ಕರಡಿಯ ಪಾದ. ಚರ್ಮ, ಉಗುರು ಕಳೆದುಕೊಂಡರೆ ಅದು ಮನುಷ್ಯನದೆಂದೇ ತೋರುತ್ತದೆ. ಆದರೆ ಅದರ ಒಳಬದಿಯ ಬೆರಳು ನಮ್ಮ ಹೆಬ್ಬೆರಳಷ್ಟು ದಪ್ಪ ಇರುವುದಿಲ್ಲ. ಮನುಷ್ಯನದಿರಬಹುದೆಂಬ ಅನುಮಾನ ಬಂದರೆ ಅಗೆಯುವುದನ್ನು ನಿಲ್ಲಿಸಿ, ಏನನ್ನೂ ಸರಿಸದೆ ಪೊಲೀಸರಿಗೆ ಹೇಳಿ. ಕಾಡುಪ್ರಾಣಿಯದಾದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ, ತಾನಾಗಿ ಉದುರಿದ ಕಡವೆ ಕೊಂಬನ್ನೂ ಚಂದ ಕಂಡಿತೆಂದು ಜಗಲಿಗೆ ತಂದು ತೂಗುಹಾಕುವಂತಿಲ್ಲ.