ಗುಜರಿಗೆ ಹೋಗಬೇಕಿದ್ದ ಲೇತ್
ಪೀಣ್ಯದ ವರ್ಕ್‌ಶಾಪ್ ಮುಚ್ಚಿದಾಗ ಅಪ್ಪನ ಪುಟ್ಟ ಲೇತ್ ಮನೆಯ ಶೆಡ್ಡಿಗೆ ಬಂತು. 'ಗುಜರಿಗೆ ಹಾಕಿದ್ರೆ ನಿನ್ನ ಫೀಸಿಗಾದ್ರೂ ಆಗುತ್ತೆ' ಎಂದರು ಅಮ್ಮ. ನಾನು ಒಂದು ತಿಂಗಳು ಗಡುವು ಕೇಳಿದೆ.

ಟರ್ನಿಂಗ್ ಮಾಡುವಾಗ ಟೂಲ್ ನಡುಗಿ ಜಾಬ್ ಮೇಲೆ ಗೆರೆ ಬೀಳುತ್ತಿತ್ತು. ಸ್ಲೈಡಿನ ಗಿಬ್ ಸ್ಕ್ರೂಗಳನ್ನು ಬಿಗಿ ಮಾಡಿದೆ: ಸಲೀಸಾಗಿ ಸರಿಯಬೇಕು, ಅಲುಗಾಡಬಾರದು. ಟೂಲಿನ ತುದಿಯನ್ನು ಸೆಂಟರ್ ಎತ್ತರಕ್ಕೆ ತಂದೆ. ನಡುಕ ನಿಂತಿತು. ಹ್ಯಾಂಡಲ್ ತಿರುಗಿದರೂ ಸ್ಲೈಡ್ ಕದಲದ ಬ್ಯಾಕ್‌ಲ್ಯಾಷ್ ಮಾತ್ರ ಪೂರ್ತಿ ಹೋಗದು. ಅಳತೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕೆಂದು ಅಪ್ಪ ಕಲಿಸಿದರು. ಟೂಲ್ 0.1 ಮಿ.ಮೀ. ಒಳಹೋದರೆ ವ್ಯಾಸ 0.2 ಮಿ.ಮೀ. ಇಳಿಯುತ್ತದೆ, ಪರೀಕ್ಷೆಗೆ ಬರೆದಿದ್ದ ಲೆಕ್ಕ ಕೈಗೆ ಹತ್ತಿದ್ದು ಈಗ.

ಮೊನ್ನೆ ಪಂಪ್‌ಸೆಟ್ಟೊಂದಕ್ಕೆ ಗನ್‌ಮೆಟಲ್ ಬುಷ್ ಮಾಡಿಕೊಟ್ಟೆ. ಬಂದ 300 ರೂಪಾಯಿ ಫೀಸಿನ ಡಬ್ಬಿ ಸೇರಿತು. ನಿಮ್ಮ ಮನೆಯ ಹಳೇ ಯಂತ್ರವನ್ನೂ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ.