ಇತರ ಶಾಖೆಯವರಿಗೂ ಸಿಸ್ಟಮ್ ಪ್ರೋಗ್ರಾಮಿಂಗ್
ಅಡಿಕೆ ಅಂಗಡಿಯ ಗಣಕಯಂತ್ರವು ‘ಬಿಲ್ಲು ಸೇವ್ ಆಗಿದೆ’ ಎಂದು ತೋರಿಸಿದ ಮರುಕ್ಷಣವೇ ವಿದ್ಯುತ್ ಹೋಗಿ, ಹಳೆಯ ಯುಪಿಎಸ್ ಕೂಡ ಕೈಕೊಟ್ಟರೆ ಆ ಲೆಕ್ಕ ಉಳಿದಿರುವುದೇ? ಉಳಿದಿರಲೇಬೇಕೆಂದಿಲ್ಲ. ತಂತ್ರಾಂಶವು ಬರೆದುದನ್ನು ಆಪರೇಟಿಂಗ್ ಸಿಸ್ಟಮ್ ಮೊದಲು ಮೆಮೊರಿಯಲ್ಲಿ ಇರಿಸಿಕೊಂಡು, ಅನಂತರ ಡಿಸ್ಕ್‌ಗೆ ಇಳಿಸುತ್ತದೆ. ಲಿನಕ್ಸ್‌ನಲ್ಲಿ ಇದು ಸುಮಾರು 30 ಸೆಕೆಂಡು ತಡವಾಗುವುದೂ ಉಂಟು. ಕೂಡಲೇ ಇಳಿಸಬೇಕಾದರೆ ಪ್ರೋಗ್ರಾಮಿನಲ್ಲಿ ‘ಎಫ್‌ಸಿಂಕ್’ ಎಂಬ ಆದೇಶವಿರಬೇಕು. ಇಂತಹ ಒಳಸಂಗತಿಗಳನ್ನು ಕಲಿಸುವ ವಿಷಯವೇ ಸಿಸ್ಟಮ್ ಪ್ರೋಗ್ರಾಮಿಂಗ್.

ಪುತ್ತೂರಿನ ವಿವೇಕಾನಂದ ಹಾಗೂ ಸುಳ್ಯದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಬೋಧಿಸುತ್ತ ಬಂದಿವೆ. 2018ರ ಪಠ್ಯಕ್ರಮದಲ್ಲಿ ‘ಸಿ’ ಭಾಷೆ ಎಲ್ಲ ಶಾಖೆಗಳಿಗೂ ಇತ್ತು. ಆಪರೇಟಿಂಗ್ ಸಿಸ್ಟಮ್ ಮಾತ್ರ ಇತರ ಶಾಖೆಯವರಿಗೆ ಐಚ್ಛಿಕವಾಗಿತ್ತು. ಹೀಗೆ ‘ಸಿ’ಯಷ್ಟನ್ನೇ ಕಲಿತ ಮೆಕ್ಯಾನಿಕಲ್ ಪದವೀಧರರು ಬಿಲ್ಲಿನ ಮೊತ್ತವನ್ನು ಸರಿಯಾಗಿ ಕೂಡಿಸಬಲ್ಲರು. ಆದರೆ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತಂತಿಯ ಮೂಲಕ ಬರುವ ತೂಕ ಒಂದೇ ಬಾರಿಗೆ ಪೂರ್ತಿ ಬಾರದಿರಬಹುದು. ‘52.35’ ಎಂಬುದರಲ್ಲಿ ಮೊದಲು ‘52’ ಅಷ್ಟೇ ಬಂದು, ಪ್ರೋಗ್ರಾಮು ಉಳಿದುದಕ್ಕೆ ಕಾಯದಿದ್ದರೆ ನಷ್ಟ ಬೆಳೆಗಾರನಿಗೆ. ತಕ್ಕಡಿಯದಾಗಲಿ ವರ್ತಕನದಾಗಲಿ ತಪ್ಪು ಅಲ್ಲಿಲ್ಲ, ಆದರೂ ಮಾತು ಕೇಳಬೇಕಾದವನು ವರ್ತಕನೇ.

ಕಡಬದ ಪೇಟೆಯಲ್ಲಾಗಲಿ ಪುತ್ತೂರಿನಲ್ಲಾಗಲಿ ತಂತ್ರಾಂಶ ಕೊಳ್ಳುವವರು ಮಾರಾಟಗಾರರನ್ನು ಮೊದಲು ಕೇಳಬೇಕಾದದ್ದು: ಬಿಲ್ಲು ಬರೆಯುತ್ತಿರುವಾಗಲೇ ಪ್ಲಗ್ ಕಿತ್ತು ಪರೀಕ್ಷಿಸಿದ್ದೀರಾ?